ಕೆರೆ ಹುಡುಕಿದರೆ ಯುದ್ಧದ ಟ್ಯಾಂಕ್!

ಪ್ರಶ್ನೆ: ಹಳೇ ಮೈಸೂರಿನ ಕೆರೆಗಳ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಕಾಲೇಜಿನ ಲೈಬ್ರರಿಯಲ್ಲಿ ಜೆಸ್ಟೋರ್ (ಸಂಶೋಧನಾ ಪತ್ರಿಕೆಗಳ ಆನ್‌ಲೈನ್ ಸಂಗ್ರಹ) ಇದೆ. ಇಂಗ್ಲಿಷಿನಲ್ಲಿ ‘ಟ್ಯಾಂಕ್ ಹಿಸ್ಟರಿ’ ಅಂತ ಹಾಕಿದರೆ ಸೇನೆಯ ಟ್ಯಾಂಕ್‌ಗಳೇ ಬರುತ್ತವೆ. ಏನು ಮಾಡಲಿ?
– ಎಂ.ಎ. ವಿದ್ಯಾರ್ಥಿನಿ, ತುಮಕೂರು

ಉತ್ತರ: ನಗು ಬಂತಮ್ಮಾ, ಆದರೆ ತಪ್ಪು ನಿಮ್ಮದಲ್ಲ. ಯಂತ್ರಕ್ಕೆ ಅಕ್ಷರ ಗೊತ್ತು, ನಿಮ್ಮ ಮನಸ್ಸಿನ ಕೆರೆ ಗೊತ್ತಿಲ್ಲ. ‘ಟ್ಯಾಂಕ್ ಇರಿಗೇಶನ್’ (ಅಂದರೆ ಕೆರೆ ನೀರಾವರಿ) ಎಂಬ ಎರಡೂ ಪದವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಆಗ ಅವು ಒಟ್ಟಿಗೆ ಇರುವ ಲೇಖನಗಳೇ ಬರುತ್ತವೆ. ಮುಂದೆ ದೊಡ್ಡಕ್ಷರದಲ್ಲಿ ‘ಆಂಡ್’ ಹಾಕಿ ಊರಿನ ಹೆಸರು ಸೇರಿಸಿ. ಇಲ್ಲೊಂದು ಕಿತಾಪತಿ ಇದೆ. ಇಂಗ್ಲಿಷಿನಲ್ಲಿ ‘ಮೈಸೂರು’ ಎಂಬ ಕಾಗುಣಿತ ಅಧಿಕೃತವಾಗಿದ್ದು 2014ರಲ್ಲಿ. ಹಳೇ ಲೇಖನಗಳಲ್ಲೆಲ್ಲ ‘ಮೈಸೋರ್’ ಅಂತಲೇ ಇರುತ್ತದೆ. ಹಾಗಾಗಿ ಎರಡನ್ನೂ ‘ಆರ್’ ಹಾಕಿ ಕಂಸದೊಳಗೆ ಕೊಡಿ. ಇದನ್ನು ಮರೆತು ನಾನೇ ಒಮ್ಮೆ ಇಡೀ ಮಧ್ಯಾಹ್ನ ಕಳೆದಿದ್ದೆ.

ಒಂದು ಒಳ್ಳೆ ಲೇಖನ ಸಿಕ್ಕಿತು ಅನ್ನಿ. ಅದರ ಅಡಿಟಿಪ್ಪಣಿಗಳನ್ನು ಬಿಡಬೇಡಿ, ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. ಆ ಲೇಖನವನ್ನೇ ಗೂಗಲ್ ಸ್ಕಾಲರ್‌ನಲ್ಲಿ (ಗೂಗಲ್‌ನ ಸಂಶೋಧನಾ ಲೇಖನಗಳ ಹುಡುಕಾಟ ತಾಣ) ಹುಡುಕಿ ‘ಸೈಟೆಡ್ ಬೈ’ ಒತ್ತಿದರೆ, ಆಮೇಲೆ ಅದನ್ನು ಉಲ್ಲೇಖಿಸಿದವರ ಪಟ್ಟಿಯೂ ಬರುತ್ತದೆ. ಜೆಸ್ಟೋರ್‌ನಲ್ಲಿ ಎಷ್ಟೋ ಪತ್ರಿಕೆಗಳ ಇತ್ತೀಚಿನ ಸಂಚಿಕೆ ಇರಲ್ಲ, ಗಾಬರಿಯಾಗಬೇಡಿ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಜಾಲತಾಣ ನೋಡಿ, ಅದು ಪೂರ್ತಿ ಉಚಿತ. ಮನೆಯಿಂದ ಜೆಸ್ಟೋರ್ ತೆರೆಯದಿದ್ದರೆ ಸುಮ್ನೆ ದುಡ್ಡು ಕಟ್ಟಬೇಡಿ, ಲೈಬ್ರರಿಯನ್‌ರನ್ನು ಲಾಗಿನ್ ಕೇಳಿ.