ಲೆಡ್ ಬೆಲ್ಲಿಯ ಅಗ್ಗದ ಸಿಡಿ ಸೆಟ್ ಇಟ್ಟುಕೊಳ್ಳಬಹುದಾ?

ಅಮೆರಿಕದ ಕಪ್ಪು ಜನರ ಬ್ಲೂಸ್ ಮತ್ತು ಜನಪದ ಹಾಡುಗಳ ಗಾಯಕ ಲೆಡ್ ಬೆಲ್ಲಿಯ ಎರಡು ಸಿಡಿ, 350 ರೂಪಾಯಿಗೆ 50 ಹಾಡು. ಕವರಿನಲ್ಲಿ ಹಾಡಿನ ಹೆಸರು ಬಿಟ್ಟು ಬೇರೇನೂ ಇಲ್ಲ, 'ಗುಡ್‌ನೈಟ್ ಐರೀನ್' ಬೇರೆ ಎರಡು ಸಲ ಬಂದಿದೆ, ವಾಪಸ್ ಕೊಡಲಾ ಅಂತ ಕೇಳಿದ್ದೀರಿ. ಈಗಲೇ ಕೊಡಬೇಡಿ.

ಬೆಲೆ ನೋಡಿ ಅನುಮಾನ ಬೇಡ. ಲೆಡ್ ಬೆಲ್ಲಿ ತೀರಿಕೊಂಡಿದ್ದು 1949ರಲ್ಲಿ. ರೆಕಾರ್ಡಿಂಗಿನ ಹಕ್ಕು ನಮ್ಮಲ್ಲಿ ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ, ಯುರೋಪಿನಲ್ಲಿ ಬಹಳ ಕಾಲ 50 ಇತ್ತು. ಅದು ಮುಗಿದ ಹಳೆಯ ರೆಕಾರ್ಡ್‌ಗಳನ್ನು ಯಾರು ಬೇಕಾದರೂ ಸಿಡಿ ಮಾಡಿ ಮಾರಬಹುದು.

ನನಗೆ ಬೇಜಾರಾಗುವುದು ತಾರೀಖು ಹಾಕದೇ ಇರುವುದಕ್ಕೆ. ಇವರ ವಿಷಯದಲ್ಲಿ ಅದೇ ಮುಖ್ಯ. 1933ರಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಜಾನ್ ಲೋಮ್ಯಾಕ್ಸ್ ಮತ್ತು ಮಗ ಅಲನ್ ಅಮೆರಿಕದ ಲೂಸಿಯಾನಾದ ಅಂಗೋಲಾ ಜೈಲಿಗೆ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಹೋದಾಗ ಇವರು ಅಲ್ಲಿ ಕೈದಿ. ಐರೀನ್ ಹಾಡನ್ನು ಆಗಲೇ ಹಾಡಿದ್ದರು. ಮುಂದೆ ನ್ಯೂಯಾರ್ಕಿನಲ್ಲಿ ರೆಕಾರ್ಡ್ ನಿರ್ಮಾಪಕ ಮೋಸಸ್ ಆಶ್ ಅವರ ಪುಟ್ಟ ಸ್ಟುಡಿಯೋದಲ್ಲಿ ಹಾಡುವಾಗ ಇವರು ಬಿಡುಗಡೆಯಾದ ಮನುಷ್ಯ. ಹಾಡು ಒಂದೇ, ಹಾಡುಗಾರಿಕೆ ಬೇರೆ. ಆದ್ದರಿಂದ ಎರಡು ಸಲ ಬಂದಿದ್ದು ನಿಮ್ಮ ಅದೃಷ್ಟವೂ ಇರಬಹುದು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಉಸಿರು, ತಪ್ಪು ಎಲ್ಲ ಒಂದೇ ಕಡೆ ಬಂದರೆ ಮಾತ್ರ ಸುಮ್ನೆ ಸಂಖ್ಯೆ ತುಂಬಿಸಿದ್ದಾರೆ ಅಂತ ಅರ್ಥ.

ಹಿಂದೆ ನಾಲ್ಕು ಜನ ನುಣುಪಾಗಿ ದನಿಗೂಡಿಸುವ ಜೈಲಿನ ಹಾಡುಗಳಿದ್ದರೆ ಅವು 1940ರಲ್ಲಿ ಗೋಲ್ಡನ್ ಗೇಟ್ ಕ್ವಾರ್ಟೆಟ್ ಜೊತೆ ವಿಕ್ಟರ್ ಕಂಪನಿಗೆ ಹಾಡಿದವು. ನನಗೆ ಸ್ವಲ್ಪ ಜಾಸ್ತಿಯೇ ಪಾಲಿಶ್ ಅನಿಸುತ್ತವೆ. ಬರೀ ಬ್ಲೂಸ್, ಒಬ್ಬರೇ ಇದ್ದರೆ 1935ರವು ಇರಬಹುದು. ಆಗ ಹಾಡಿದ್ದರಲ್ಲಿ ಬಹುಪಾಲು ಅವರು ಬದುಕಿದ್ದಾಗ ಹೊರಗೇ ಬರಲಿಲ್ಲ.

ಈಗ ಹೆಡ್‌ಫೋನ್ ಹಾಕಿಕೊಳ್ಳಿ. ಇವರದು ಹನ್ನೆರಡು ತಂತಿಯ ಗಿಟಾರ್, ಅದನ್ನೂ ಬಹಳ ಇಳಿಸಿ ಶ್ರುತಿ ಮಾಡುತ್ತಿದ್ದರು. ಕೆಳಗಿನ ತಂತಿ ಗುಡುಗಬೇಕು. ಗಿಟಾರೂ ದನಿಯೂ ಎರಡೂ ತೆಳುವಾಗಿ ಕೀಚಲು ಅನಿಸಿದರೆ ರೆಕಾರ್ಡನ್ನು ತಪ್ಪು ವೇಗದಲ್ಲಿ ಓಡಿಸಿ ನಕಲು ಮಾಡಿರುವ ಸಾಧ್ಯತೆ ಇದೆ. ಹಳೆಯ ರೆಕಾರ್ಡಿನ ಚರಚರ ಸದ್ದು ಪೂರ್ತಿ ಇಲ್ಲ, ಜೊತೆಗೆ ತಂತಿಯ ಮಿಂಚೂ ಇಲ್ಲ ಅಂದರೆ ಸದ್ದು ತೆಗೆಯಲು ಹೋಗಿ ಹಾಡನ್ನೇ ಕೆರೆದಿದ್ದಾರೆ. ದಯವಿಟ್ಟು ಚರಚರಕ್ಕೆ ಹೆದರಬೇಡಿ, ಅದರ ಹಿಂದೆಯೇ ಅವರ ಕಾಲಿನ ತಾಳವೂ ಕೇಳುತ್ತದೆ. ಕವರಿನಲ್ಲಿ 'ಸ್ಟೀರಿಯೋ' ಅಂತ ಇದ್ದರೆ ಅದು ಆಮೇಲೆ ಕೃತಕವಾಗಿ ಮಾಡಿದ್ದು, ಇವರು ಹಾಡಿದ್ದೆಲ್ಲ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಹಾಡು ಮೆಲ್ಲಗೆ ಮಾಯವಾಗುತ್ತಾ ಮುಗಿದರೂ ಅನುಮಾನ ಪಡಿ. ಆ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳಲ್ಲಿ ಸಾಮಾನ್ಯವಾಗಿ ಹಾಗೆ ಮುಗಿಸುತ್ತಿರಲಿಲ್ಲ.

ಇಷ್ಟರಲ್ಲಿ ಪಾಸಾದರೆ 350ಕ್ಕೆ ಒಳ್ಳೆಯ ಸೆಟ್ಟೇ. ಆದರೆ ಒಂದು ಕೊರತೆ ಉಳಿಯುತ್ತದೆ. ಹಾಡಿನ ಮುಂಚೆ ಕಥೆ ಹೇಳುವುದು ಇವರ ಅಭ್ಯಾಸ, ಅಗ್ಗದ ಸೆಟ್‌ಗಳಲ್ಲಿ ಆ ಮಾತು ಸಿಗುವುದು ಕಡಿಮೆ. 1948ರಲ್ಲಿ ಫ್ರೆಡರಿಕ್ ರಾಮ್ಸೆ ಟೇಪ್ ಮೇಲೆ ಮುದ್ರಿಸಿದ 'ಲಾಸ್ಟ್ ಸೆಷನ್ಸ್' ಅನ್ನು ಅದಕ್ಕಾಗಿಯೇ ಕೇಳಬೇಕು. ಅಮೆರಿಕದ ರೆಕಾರ್ಡ್ ಸಂಸ್ಥೆ ಸ್ಮಿತ್‌ಸೋನಿಯನ್ ಫೋಕ್‌ವೇಸ್‌ನವರ ವೆಬ್‌ಸೈಟಿನಲ್ಲಿ ಅದರ ಟಿಪ್ಪಣಿ ಪುಸ್ತಿಕೆ ಉಚಿತವಾಗಿ ಸಿಗುತ್ತದೆ.

ಎರಡು ಐರೀನ್‌ಗಳ ಅವಧಿ ಎಷ್ಟು ನಿಮಿಷ, ಜೊತೆಗೆ ಯಾವ ವಾದ್ಯ ಇದೆ ಅಂತ ಇಲ್ಲಿ ಬರೆಯಿರಿ. ಯಾವ ವರ್ಷದ್ದು ಅಂತ ಹೊಂದಿಸಿ ನೋಡೋಣ.