ಗಾಳಿ ಯಾವ ಕಡೆಯಿಂದ?

ಬೆಲ್ಜಿಯಂನ ಗೆಂಟ್ ನಗರದಿಂದ ಕಥೆ ಕಳಿಸಿರುವ ನಿಮಗೆ ನಮಸ್ಕಾರ.

ನಿಮ್ಮ ‘ಗಾಳಿಯ ಗೆಳತಿ’ ನನ್ನ ಮೇಜಿಗೆ ಬಂದು ಮೂರು ವಾರವಾಯಿತು. ವಾಪಸ್ ಕಳಿಸುವ ಕಥೆಗೆ ನಾವು ಎರಡು ಸಾಲು ಬರೆದು ಮುಗಿಸುವುದೇ ರೂಢಿ. ಇದಕ್ಕೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಬೆಲ್ಜಿಯಂನ ಸಣ್ಣ ತಂಡವೊಂದರ ಸೈಕಲ್ ಓಟಗಾರ್ತಿ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಅವಳ ರೇಸುಗಳು, ನಾಯಕಿಗಾಗಿ ದುಡಿಯುವ ಅವಳ ಪಾಡು: ಇಂಥ ವಸ್ತು ಇಟ್ಟುಕೊಂಡು ಕನ್ನಡದಲ್ಲಿ ಬಂದ ಕಥೆಯನ್ನು ನಾನು ಓದಿದ್ದು ಇದೇ ಮೊದಲು. ಭಾಷೆ ಶುದ್ಧವಾಗಿದೆ. ರೇಸಿನ ಹಿಂದಿನ ರಾತ್ರಿ ಅವಳು ಹೋಟೆಲಿನ ಮಂಚದ ಮೇಲೆ ಕೂತು ಜೆರ್ಸಿಗೆ ನಂಬರ್ ಚುಚ್ಚುವಾಗ ಒಂದು ಪಿನ್ನು ಕಳೆದು, ಅದನ್ನು ನೆಲದ ಮೇಲೆಲ್ಲ ಕೈಯಾಡಿಸಿ ಹುಡುಕುವ ಭಾಗ ಚೆನ್ನಾಗಿದೆ.

ಇನ್ನು ಒಂಬತ್ತನೇ ಪುಟಕ್ಕೆ ಬರುತ್ತೇನೆ. ನನ್ನನ್ನು ಮೂರು ವಾರ ಕಾಡಿದ್ದು ಆ ಪುಟ. ಅಲ್ಲಿ ಟೂರ್ ಆಫ್ ಫ್ಲಾಂಡರ್ಸ್ ಎಂಬ ಬೆಲ್ಜಿಯಂನ ಒಂದು ದಿನದ ಸೈಕಲ್ ರೇಸು ನಡೆಯುತ್ತಿದೆ. ನಿಮ್ಮ ಸಾಲುಗಳು ಹೀಗಿವೆ:

“ಗಾಳಿ ಅವಳ ಕಿವಿಯಲ್ಲಿ ಹಾಡು ಗುನುಗುತ್ತಿತ್ತು. ಗಾಳಿಯ ಜೊತೆ ಅವಳೂ ಹಾರಿದಳು. ಆ ಕ್ಷಣ ಅವಳು ಒಬ್ಬಂಟಿ, ಸಂಪೂರ್ಣ ಸ್ವತಂತ್ರೆ.”

ಮೊದಲ ವಾಕ್ಯ ನೋಡಿ. ಯಾವ ಗಾಳಿ? ಹಿಂದಿನಿಂದ ಬರುತ್ತಿದ್ದರೆ ಅದು ಕಿವಿಗೆ ಬೀಳುವುದೇ ಕಡಿಮೆ. ನಲವತ್ತೈದು ಕಿಲೋಮೀಟರ್ ವೇಗದಲ್ಲಿದ್ದರೂ ಸುತ್ತ ಒಂದು ಥರದ ಮೌನ. ಚೈನಿನ ಸದ್ದು, ಪಕ್ಕದವಳ ಉಸಿರು ಕೇಳುವಷ್ಟು. ಎದುರಿನಿಂದ ಬರುತ್ತಿದ್ದರೆ ಅದು ಗುನುಗುವುದಿಲ್ಲ, ಕಿವಿಗಡಚಿಕ್ಕುತ್ತದೆ. ಆಗ ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ಎಂಬುದೇ ಮುಖ್ಯ. ಮುಂದಿನವಳ ಚಕ್ರಕ್ಕೆ ಅಂಟಿಕೊಂಡು ಬರುವವಳಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಕಡಿಮೆಯಾಗುತ್ತದೆ. ಇನ್ನು ಗಾಳಿ ಅಡ್ಡಲಾಗಿ ಬೀಸಿದರೆ ಕಥೆಯೇ ಬೇರೆ. ಒಬ್ಬರ ಹಿಂದೆ ಒಬ್ಬರು ನೆಟ್ಟಗೆ ನಿಂತರೆ ಪ್ರಯೋಜನವಿಲ್ಲ. ಗಾಳಿಯ ಮರೆ ಸಿಗಬೇಕಾದರೆ ಸಾಲು ಓರೆಯಾಗಬೇಕು, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ. ನೀವಿರುವ ಊರಿನವರು ಅದನ್ನು ‘ವಾಯರ್’ ಅನ್ನುತ್ತಾರೆ, ಬೀಸಣಿಗೆ ಎಂಬ ಅರ್ಥದಲ್ಲಿ. ರಸ್ತೆಯ ಅಗಲಕ್ಕೆ ಹನ್ನೆರಡು ಜನ ಹಿಡಿಸಿದರೆ ಹದಿಮೂರನೆಯವಳು ಚರಂಡಿಯ ಅಂಚಿಗೆ ಬೀಳುತ್ತಾಳೆ. ಅವಳಿಗೆ ಮರೆ ಇಲ್ಲ. ಐದು ನಿಮಿಷದಲ್ಲಿ ಅವಳಿಗೂ ಮುಂದಿನವಳಿಗೂ ನಡುವೆ ಒಂದು ಸೈಕಲ್ ಉದ್ದದ ಅಂತರ ಬೀಳುತ್ತದೆ. ಅಲ್ಲಿಗೆ ಅವಳ ರೇಸು ಮುಗಿಯಿತು.

ಇಷ್ಟೆಲ್ಲ ಆಗುವ ಜಾಗದಲ್ಲಿ ನೀವು ‘ಹಾಡು ಗುನುಗುತ್ತಿತ್ತು’ ಎಂದು ಬರೆದಿದ್ದೀರಿ.

ಎರಡನೇ ವಾಕ್ಯ, ‘ಗಾಳಿಯ ಜೊತೆ ಹಾರಿದಳು’. ನಿಮ್ಮ ಕಥೆಯ ಹುಡುಗಿಗೆ ತಂಡ ಸಂಬಳ ಕೊಡುವುದು ಯಾತಕ್ಕೆ? ತಂಡದ ನಾಯಕಿಗೆ ತಾಕಬೇಕಾದ ಗಾಳಿಯನ್ನು ತನ್ನ ಎದೆಯ ಮೇಲೆ ತೆಗೆದುಕೊಳ್ಳುವುದಕ್ಕೆ. ಗಾಳಿಗೆ ಎದೆ ಕೊಡುವುದೇ ಅವಳ ಕಸುಬು. ಅವಳಿಗೆ ಗಾಳಿ ಗೆಳತಿಯಾಗಲು ಸಾಧ್ಯವೇ ಇಲ್ಲ. ನಿಮ್ಮ ಶೀರ್ಷಿಕೆಯೇ ನಿಮ್ಮ ಪಾತ್ರವನ್ನು ಸುಳ್ಳಾಗಿಸುತ್ತಿದೆ.

ಮೂರನೇ ವಾಕ್ಯ, ‘ಒಬ್ಬಂಟಿ, ಸ್ವತಂತ್ರೆ’. ಸೈಕಲ್ ರೇಸಿನಲ್ಲಿ ಒಬ್ಬಂಟಿಯಾಗುವುದು ಎಂದರೇನು ಎಂದು ತಿಳಿಯಲು ಅಕ್ಟೋಬರ್ 2, 2021ರ ಪ್ಯಾರಿಸ್–ರೂಬೆ ನೋಡಿ. 1896ರಿಂದ ಗಂಡಸರು ಓಡುತ್ತ ಬಂದ ಆ ರೇಸಿನಲ್ಲಿ ಹೆಂಗಸರಿಗೆ ಮೊದಲ ಸಲ ಜಾಗ ಸಿಕ್ಕಿದ ದಿನ ಅದು. ಬ್ರಿಟನ್ನಿನ ಲಿಜ್ಜಿ ಡೈಗ್ನನ್ ಅಂದು ತನ್ನ ತಂಡದ ಮೊದಲ ಆಯ್ಕೆಯಲ್ಲ. ಕಲ್ಲುಹಾಸಿನ ದಾರಿ ಶುರುವಾಗುವಲ್ಲಿ ತಂಡದ ನಾಯಕಿಯರಿಗೆ ಅನುಕೂಲವಾಗಲಿ ಎಂದು ಮುಂದೆ ಹೋದರು. ತಿರುಗಿ ನೋಡಿದರೆ ಹಿಂದೆ ಅಂತರ ಬಿದ್ದಿತ್ತು. ಅಲ್ಲಿಂದ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ, ಮಳೆಗೆ ನೆಂದ ಕಲ್ಲುಗಳ ಮೇಲೆ, ಒಬ್ಬರೇ. ಕೈಗೆ ಗ್ಲೌಸ್ ಇರಲಿಲ್ಲ. ಗೆದ್ದು ಇಳಿದಾಗ ಹ್ಯಾಂಡಲ್ಲಿನ ಬಿಳಿ ಟೇಪಿನ ಮೇಲೆ ಅಂಗೈಯ ರಕ್ತ ಮೆತ್ತಿತ್ತು. ಆ ಗೆಲುವಿಗೆ ಬಹುಮಾನ 1,535 ಯೂರೋ. ಮರುದಿನ ಗೆದ್ದ ಗಂಡಸಿಗೆ 30,000. ಅಂಥ ಒಂಟಿತನಕ್ಕೆ ‘ಸ್ವತಂತ್ರೆ’ ಎಂಬ ಪದ ಹೊಂದುತ್ತದೆಯೇ, ನೀವೇ ಯೋಚಿಸಿ.

ಈ ಗಾಳಿಯ ವಿಷಯದಲ್ಲಿ ನನಗೇಕೆ ಇಷ್ಟು ಹಟ ಎಂದರೆ, ನನಗೂ ಇದೇ ಪೆಟ್ಟು ಬಿದ್ದಿದೆ. ವಿಜಯಪುರ ಆಗ ಬಿಜಾಪುರ. ಅಲ್ಲಿನ ಪತ್ರಿಕೆಯೊಂದರಲ್ಲಿ ನಾನು ಕಲಿಯಲು ಸೇರಿದ ಮೊದಲ ವರ್ಷ. ಸೈಕ್ಲಿಂಗ್ ಎಂದರೆ ಆ ಸೀಮೆಯಲ್ಲಿ ಮನೆಮಾತು. ಕೂಲಿಯವರ, ರೈತರ ಮಕ್ಕಳು ಕ್ರೀಡಾ ವಸತಿನಿಲಯದಲ್ಲಿದ್ದು, ಬೆಳಕು ಹರಿಯುವ ಮುಂಚೆ ಸೋಲಾಪುರ ರಸ್ತೆಗೆ ಬೀಳುತ್ತಿದ್ದರು. ಹುಡುಗಿಯರ ರೇಸೊಂದರ ವರದಿಗೆ ನನ್ನನ್ನು ಕಳಿಸಿದರು. ನಾನು ಮುಗಿಯುವ ಗೆರೆಯ ಪಕ್ಕ, ಬೇವಿನ ಮರದ ನೆರಳಲ್ಲಿ ನಿಂತು ಕಾದೆ. ಆಫೀಸಿಗೆ ಬಂದು ಬರೆದೆ: ‘ಗಾಳಿಯನ್ನು ಸೀಳಿಕೊಂಡು ಮಿಂಚಿನಂತೆ ಬಂದ ಬಾಲೆಯರು’.

ನಮ್ಮ ಹಿರಿಯ ಉಪಸಂಪಾದಕರು ಆ ಸಾಲನ್ನು ಗಟ್ಟಿಯಾಗಿ ಓದಿದರು. ಪೆನ್ನು ಕೆಳಗಿಟ್ಟು ಕೇಳಿದರು: “ಗಾಳಿ ಯಾವ ಕಡಿಂದ ಇತ್ತು?”

ನನಗೆ ಗೊತ್ತಿರಲಿಲ್ಲ.

“ಹಂಗಾರ ಸೀಳಿದ್ದು ನಿನಗ ಹೆಂಗ ಗೊತ್ತಾತು?”

ವರದಿ ಹೋಗಲಿಲ್ಲ, ಗೆದ್ದ ಮೂವರ ಹೆಸರು ಮಾತ್ರ ಅಚ್ಚಾಯಿತು. ಮಾರನೇ ದಿನ ಆಫೀಸಿನ ಜವಾನರ ಸೈಕಲ್ ಕೊಡಿಸಿ, ಅದೇ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಹೋಗಿ ಬಾ ಅಂದರು. ಹೋಗುವಾಗ ಸಲೀಸಾಗಿ ಹೋದೆ, ನನ್ನ ಕಾಲಲ್ಲೇ ಇಷ್ಟು ಕಸುವಿದೆ ಅಂದುಕೊಂಡೆ. ತಿರುಗಿಸಿದ ಮೇಲೆ ಗೊತ್ತಾಯಿತು. ಗಿಡ ಮರ ಇಲ್ಲದ ಆ ಬಯಲಲ್ಲಿ ಗಾಳಿ ಎದೆಗೆ ಕೈ ಇಟ್ಟು ಹಿಂದಕ್ಕೆ ನೂಕುತ್ತಿತ್ತು. ಕಣ್ಣಲ್ಲಿ ಮಣ್ಣು, ಹಲ್ಲಿನ ನಡುವೆ ಮಣ್ಣು. ಒಂದು ಲಾರಿ ಪಕ್ಕದಲ್ಲಿ ದಾಟಿದಾಗ ಅದರ ಮರೆಯಲ್ಲಿ ಮೂರು ಸೆಕೆಂಡು ಗಾಳಿ ನಿಂತಿತು. ಆ ಮೂರು ಸೆಕೆಂಡಿನಲ್ಲಿ ನಾನು ಕಲಿತದ್ದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಆಫೀಸಿಗೆ ಬಂದಾಗ ಅವರು ಏನೂ ಕೇಳಲಿಲ್ಲ. ಮುಂದಿನ ರೇಸಿಗೆ ನನ್ನನ್ನೇ ಕಳಿಸಿದರು, ಈ ಸಲ ಹಿಂದಿನ ಜೀಪಿನಲ್ಲಿ. ಅಂದು ಒಬ್ಬ ಹುಡುಗಿ ಎದುರು ಗಾಳಿಯಲ್ಲಿ ತನ್ನ ಜೊತೆಯವಳನ್ನು ಹಿಂದೆ ಇಟ್ಟುಕೊಂಡು, ಊರು ಹತ್ತಿರ ಬರುವವರೆಗೂ ಜಾಗ ಬದಲಿಸದೆ ತುಳಿದದ್ದನ್ನು ಕಂಡೆ. ಜೊತೆಯವಳು ಎರಡನೆಯವಳಾದಳು. ಇವಳು ಒಂಬತ್ತನೆಯವಳು. ನನ್ನ ವರದಿ ಇವಳ ಹೆಸರಿನಿಂದ ಶುರುವಾಯಿತು. ಹಿರಿಯರು ಒಂದಕ್ಷರವನ್ನೂ ತಿದ್ದಲಿಲ್ಲ.

ಒಂಬತ್ತನೇ ಪುಟದಲ್ಲೇ ನನ್ನ ಎರಡನೇ ತಕರಾರೂ ಇದೆ, ಕೆಳಗಿನಿಂದ ನಾಲ್ಕನೇ ಸಾಲು: “ನಂತರ ಅವಳು ಎಲ್ಲರಿಗೂ ನೀರು ತಂದುಕೊಟ್ಟು ಮತ್ತೆ ಮುಂದೆ ಬಂದಳು.”

ಇಷ್ಟೇ. ಇವಳಂಥವರಿಗೆ ಫ್ರೆಂಚಿನಲ್ಲಿ ‘ದೊಮೆಸ್ತಿಕ್’ ಅನ್ನುತ್ತಾರೆ, ಮನೆಯಾಳು ಎಂದರ್ಥ. ನೀವಿರುವ ಕಡೆಯ ಪದ ‘ವಾಟರ್‌ದ್ರಾಗರ್’, ನೀರು ಹೊರುವಾಕೆ. ಕಸುಬಿನ ಹೆಸರೇ ನೀರು ಹೊರುವುದು. ಆ ಕೆಲಸಕ್ಕೆ ನೀವು ಕೊಟ್ಟದ್ದು ಒಂದು ಸಾಲು!

ಅದನ್ನು ಬಿಡಿಸಿ ನೋಡಿ. ರೇಸಿನಲ್ಲಿ ನೂರಕ್ಕೂ ಹೆಚ್ಚು ಸೈಕಲ್‌ಗಳಿವೆ, ಹೊಲದ ನಡುವಿನ ಇಕ್ಕಟ್ಟು ರಸ್ತೆ. ಔಡೆ ಕ್ವಾರೆಮಾಂಟ್ ಏರು ಹತ್ತಿರವಾಗುತ್ತಿದೆ, ಎಲ್ಲರಿಗೂ ಮುಂದೆ ಇರಬೇಕು. ಆ ಹೊತ್ತಿನಲ್ಲಿ ಅವಳೊಬ್ಬಳು ಬೇಕೆಂದೇ ಹಿಂದೆ ಸರಿಯುತ್ತಾಳೆ. ಗುಂಪಿನ ಬಾಲದವರೆಗೆ, ಅದನ್ನೂ ದಾಟಿ ಕಾರುಗಳ ಸಾಲಿನವರೆಗೆ. ತನ್ನ ತಂಡದ ಕಾರನ್ನು ಹುಡುಕಿ ಕಿಟಕಿಗೆ ಕೈ ಚಾಚುತ್ತಾಳೆ. ಬಾಟಲಿ ಒಂದೊಂದೂ ಅರ್ಧ ಕಿಲೋ ಮೇಲೆ. ಬೆನ್ನ ಜೇಬು ಮೂರೇ. ಉಳಿದವನ್ನು ಜೆರ್ಸಿಯ ಕೊರಳಿನೊಳಗೆ ತುರುಕುತ್ತಾಳೆ, ತಣ್ಣನೆಯ ಪ್ಲಾಸ್ಟಿಕ್ಕು ಬೆವೆತ ಬೆನ್ನಿಗೆ ತಾಕುತ್ತದೆ. ಕೊನೆಯ ಬಾಟಲಿಯನ್ನು ಕಾರಿನವನೂ ಬಿಡುವುದಿಲ್ಲ, ಅವಳೂ ಬಿಡುವುದಿಲ್ಲ; ಎರಡು ಸೆಕೆಂಡು ಕಾರು ಅವಳನ್ನು ಎಳೆಯುತ್ತದೆ. ನಿಯಮಕ್ಕೆ ವಿರುದ್ಧ, ತೀರ್ಪುಗಾರರು ಕಂಡರೆ ದಂಡ ಬೀಳಬಹುದು. ಆಮೇಲೆ ಮೂರು ಕಿಲೋ ಹೊತ್ತುಕೊಂಡು ಕಾರುಗಳ ಸಂದಿಯಲ್ಲಿ, ನೂರು ಜನರ ಮೊಣಕೈಗಳ ಸಂದಿಯಲ್ಲಿ ತೂರಿಕೊಂಡು ತಂಡದ ಒಬ್ಬೊಬ್ಬರನ್ನೇ ತಲುಪಬೇಕು.

ತಲುಪಿದ ಮೇಲೂ ಬಿಡುವಿಲ್ಲ. ನಾಯಕಿಯನ್ನು ಏರಿನ ಬುಡದವರೆಗೆ ಮುಂಚೂಣಿಯಲ್ಲಿ ಒಯ್ದು ಬಿಡಬೇಕು. ಕ್ವಾರೆಮಾಂಟ್ ಆದ ಮೇಲೆ ಪಾಟರ್‌ಬರ್ಗ್: 360 ಮೀಟರ್ ಕಲ್ಲುಹಾಸು, ಅತಿ ಕಡಿದಾದ ಕಡೆ ನೂರು ಮೀಟರಿಗೆ ಇಪ್ಪತ್ತು ಮೀಟರ್ ಮೇಲೇರುವ ದಿಣ್ಣೆ. ಅಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಹುಡುಗಿಯ ಕಾಲಲ್ಲಿ ಏನೂ ಉಳಿದಿರುವುದಿಲ್ಲ. ರೇಸು ಮುಗಿಯುವ ಔಡೆನಾರ್ಡೆ ಊರಿನಲ್ಲಿ ಯಾರು ಗೆದ್ದರು ಎಂಬುದು ಅವಳಿಗೆ ಕಿವಿಯ ರೇಡಿಯೋದಲ್ಲಿ ತಿಳಿಯುತ್ತದೆ.

ನೀವು ಕಥೆಯ ಕೊನೆಯಲ್ಲಿ ಅವಳನ್ನು ರೂಬೆಯ ವೆಲೋಡ್ರೋಮಿನಲ್ಲಿ, ಅಂದರೆ ಪ್ಯಾರಿಸ್–ರೂಬೆ ಮುಗಿಯುವ ಸೈಕಲ್ ಕ್ರೀಡಾಂಗಣದಲ್ಲಿ, ಗೆಲ್ಲಿಸಿದ್ದೀರಿ. ಆ ನಾಲ್ಕು ಪುಟಗಳ ಬಗ್ಗೆ, ಅವಳ ಪ್ರೇಮದ ಬಗ್ಗೆ, ತಾಯಿಯ ಪತ್ರದ ಬಗ್ಗೆ ಇವತ್ತು ನಾನು ಏನೂ ಹೇಳುವುದಿಲ್ಲ. ಒಂಬತ್ತನೇ ಪುಟ ಸರಿಯಾಗದೆ ಅವಕ್ಕೆ ಬೆಲೆ ಇಲ್ಲ.

ನೀವಿರುವುದು ಗೆಂಟ್‌ನಲ್ಲಿ, ನನಗೆ ಸಿಗದ ಅವಕಾಶ ನಿಮ್ಮ ಮನೆ ಬಾಗಿಲಲ್ಲೇ ಇದೆ. ಏಪ್ರಿಲ್‌ನಲ್ಲಿ ಆ ರಸ್ತೆಯ ಪಕ್ಕ ಹೋಗಿ ನಿಲ್ಲಿ. ಮುಗಿಯುವ ಗೆರೆಯ ಹತ್ತಿರ ಬೇಡ. ಗುಂಪು ದಾಟಿ ಹೋದ ಮೇಲೂ ಮನೆಗೆ ಹೊರಡಬೇಡಿ, ಹಿಂದೆ ಬರುವ ಕಾರುಗಳ ನಡುವೆ ನೋಡಿ. ಸಾಧ್ಯವಾದರೆ ಒಂದು ಬಾಡಿಗೆ ಸೈಕಲ್ ಹತ್ತಿ, ಗಾಳಿ ಇರುವ ದಿನ.

ಆಮೇಲೆ ಆ ಒಂದು ಪುಟವನ್ನು ಮಾತ್ರ ಮತ್ತೆ ಬರೆದು ಕಳಿಸಿ, ಐದು ಪುಟವಾದರೂ ಚಿಂತೆಯಿಲ್ಲ. ಗಾಳಿ ಯಾವ ಕಡೆಯಿಂದ ಇತ್ತು ಎಂಬುದು ಅದರಲ್ಲಿರಲಿ. ಜೊತೆಯ ಐವರಿಗೆ ಐದು ಬಾಟಲಿ ಹಂಚಿದ ಮೇಲೆ, ತನಗೆಂದು ಉಳಿಸಿಕೊಂಡ ಆರನೆಯದನ್ನು ಕುಡಿಯಲು ಅವಳಿಗೆ ಹೊತ್ತು ಸಿಕ್ಕಿತೇ ಎಂಬುದೂ ಇರಲಿ.