ಪ್ರತಿ: ಅಮ್ಮನಿಗೆ ಎರಡೂ ಮಾತ್ರೆ ಒಟ್ಟಿಗೆ ಕೊಡಬಹುದಾ?

ಅಮ್ಮನಿಗೆ 68 ವರ್ಷ, ಒಬ್ಬ ಡಾಕ್ಟರು ಬೆಳಿಗ್ಗೆಗೆ ಖಿನ್ನತೆಯ ಮಾತ್ರೆ ಎಸ್ಸಿಟಾಲೋಪ್ರಾಮ್, ಇನ್ನೊಬ್ಬರು ರಾತ್ರಿಗೆ ನಿದ್ದೆ ಬರಿಸುವ ಕ್ಲೊನಜೆಪಾಮ್ ಬರೆದಿದ್ದಾರೆ, ಭಯ ಆಗ್ತಿದೆ ಅಂದಿದ್ದೀರಿ. ಈ ಜೋಡಿ ಹೊಸದೇನಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡೋಕೆ ಎರಡು-ನಾಲ್ಕು ವಾರ ಬೇಕು. ಅಲ್ಲಿವರೆಗೆ ನಿದ್ರೆಗೆ ಅಂತ ಕ್ಲೊನಜೆಪಾಮ್ ಎಷ್ಟೋ ಜನಕ್ಕೆ ಕೊಡುತ್ತಾರೆ.

ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾ? ಅದೇ ಮುಖ್ಯ. ಅಮ್ಮ ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ, ಇಬ್ಬರಲ್ಲಿ ಒಬ್ಬರ ಮೇಜಿನ ಮೇಲೆ ಸುರಿಯಿರಿ. ಮಂಡಿನೋವಿಗೆ ಟ್ರಮಡಾಲ್ ಇದ್ದರೆ ಖಂಡಿತ ಹೇಳಿ, ಅದು ಇವೆರಡರ ಜೊತೆಗೂ ಅಪಾಯ. ನಿದ್ದೆ ಬರಿಸುವ ನೆಗಡಿ ಸಿರಪ್ ಸುಮ್ನೆ ಕೊಡಬೇಡಿ. ಮದ್ಯ ಅಂತೂ ಬೇಡವೇ ಬೇಡ.

ಈ ವಯಸ್ಸಿನಲ್ಲಿ ನನಗೆ ಜಾಸ್ತಿ ಹೆದರಿಕೆ ಬೀಳುವುದರ ಬಗ್ಗೆ. ನಮ್ಮ ದೊಡ್ಡಮ್ಮನೂ ನಿದ್ರೆ ಮಾತ್ರೆ ತಗೊಳ್ತಿದ್ದರು. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಅಂತ ಎದ್ದವರು ಹೊಸ್ತಿಲು ಎಡವಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಹಾಗಾಗಿ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಕಾಲೊರೆಸುವ ಬಟ್ಟೆ ತೆಗೆದುಬಿಡಿ.

ಎಸ್ಸಿಟಾಲೋಪ್ರಾಮ್‌ನಿಂದಲೂ ಕೆಲವರಿಗೆ ನಿದ್ದೆ ಕೆಡುತ್ತೆ, ಬೆಳಿಗ್ಗೆಯೇ ಕೊಡಿ. ಕ್ಲೊನಜೆಪಾಮ್ ಎಷ್ಟು ದಿನ ಅಂತ ಈಗಲೇ ಕೇಳಿಟ್ಟುಕೊಳ್ಳಿ, ಅದು ಅಭ್ಯಾಸವಾಗುವ ಮಾತ್ರೆ. ಭಯಪಟ್ಟು ಯಾವುದನ್ನೂ ದಿಢೀರ್ ಅಂತ ನಿಲ್ಲಿಸಬೇಡಿ. ಎಬ್ಬಿಸಿದರೂ ಏಳದಷ್ಟು ಮಂಪರು, ನಿಧಾನವಾದ ಉಸಿರು, ಅಥವಾ ಜ್ವರದ ಜೊತೆ ಮೈ ನಡುಕ, ಗೊಂದಲ ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮನಸ್ಸಿನ ವಿಷಯ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.